ಜನ ಇಲ್ಲ ಅಂದ ಮಾತ್ರಕ್ಕೆ ದ್ವೀಪ ಖಾಲಿ ಅಲ್ಲ

ಲಕ್ಷದ್ವೀಪದ ಪಿಟ್ಟಿ ದ್ವೀಪದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ, ಆದರೆ 'ಯಾರೂ ವಾಸವಿಲ್ಲದ ದ್ವೀಪ, ಪ್ರವಾಸಿಗರನ್ನು ಇಳಿಸಿದರೆ ಯಾರಿಗೇನು ತೊಂದರೆ' ಅನ್ನೋ ಸಾಲನ್ನು ನಾನು ಖಂಡಿತ ಒಪ್ಪುವುದಿಲ್ಲ. ತೊಂದರೆ ಹಕ್ಕಿಗಳಿಗೆ! ಅಲ್ಲಿ ಮರಿ ಮಾಡುವ ಸೂಟಿ ಟರ್ನ್ ಅನ್ನೋ ಕಡಲಹಕ್ಕಿ ನೆಲದ ಮೇಲೆಯೇ, ಅದೂ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಪಿಟ್ಟಿಯಲ್ಲಿ ಮರವೂ ಇಲ್ಲ, ನೆರಳೂ ಇಲ್ಲ. ನಾಲ್ಕು ಜನ ಹತ್ತಿರ ಹೋದರೆ ಸಾಕು, ಹಕ್ಕಿಗಳೆಲ್ಲ ಒಟ್ಟಿಗೆ ಹಾರುತ್ತವೆ, ಅವು ವಾಪಸ್ ಬಂದು ಕೂರುವಷ್ಟರಲ್ಲಿ ಮೊಟ್ಟೆಯೊಳಗಿನ ಜೀವ ಆ ಬಿಸಿಲಿಗೆ ಬೆಂದು ಹೋಗಬಹುದು. ಒಂದು ಹೋದರೆ ಆ ಜೋಡಿಗೆ ಇನ್ನೊಂದು ಇರುವುದಿಲ್ಲ ಅಲ್ವಾ?

ನಮ್ಮ ದಾವಣಗೆರೆ ಹತ್ತಿರದ ಕೊಂಡಜ್ಜಿ ಕೆರೆಯಲ್ಲೇ ನೋಡಿದ್ದೇನೆ, ಫೋಟೋಗೆ ಹಕ್ಕಿ ಹಾರಲಿ ಅಂತ ಸುಮ್ನೆ ಕಲ್ಲು ಎಸೆಯುತ್ತಾರೆ. ಅಂಥವರು ಪಿಟ್ಟಿಗೆ ಬರುವುದಿಲ್ಲ ಅಂತ ಹೇಗೆ ಹೇಳುತ್ತೀರಿ?

ಇನ್ನೂ ದೊಡ್ಡ ಭಯ ಇಲಿಯದ್ದು. ದೋಣಿ ಜೊತೆ ಅದೂ ಬರುತ್ತದೆ. ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪಕ್ಕೆ 19ನೇ ಶತಮಾನದಲ್ಲಿ ಹಡಗಿನವರ ಜೊತೆ ಬಂದ ಸಣ್ಣ ಇಲಿಗಳು ಇವತ್ತಿಗೂ ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿಯ ಮರಿಗಳನ್ನು ಜೀವಂತವಾಗಿ ಕಚ್ಚಿ ತಿನ್ನುತ್ತಿವೆ. 2021ರಲ್ಲಿ ಅವನ್ನು ಪೂರ್ತಿ ತೆಗೆಯಲು ಹೊರಟರು, ಆಗಲಿಲ್ಲ. ಅದೇ ಸಾಗರದ ಇನ್ನೊಂದು ದ್ವೀಪ ಸೌತ್ ಜಾರ್ಜಿಯಾದಲ್ಲಿ ಗೆದ್ದರು ನಿಜ, 2018ರಲ್ಲಿ ಇಲಿ ಇಲ್ಲ ಅಂತ ಘೋಷಿಸಿದರು, ಆದರೆ ಅದಕ್ಕೆ ಹೆಲಿಕಾಪ್ಟರ್‌ನಿಂದ ವಿಷ ಚೆಲ್ಲಬೇಕಾಯಿತು, ವರ್ಷಗಟ್ಟಲೆ ಕೆಲಸ.

ನೋಡಲೇಬೇಕು ಅನ್ನುವವರಿಗೆ ದೂರದಿಂದ ದುರ್ಬೀನು ಸಾಕು. ಮರಿ ಮಾಡುವ ಕಾಲದಲ್ಲಿ ಕಾಲಿಡುವುದು ಮಾತ್ರ ಬೇಡವೇ ಬೇಡ.