ಹೊಸ ಮುಖ ಸಾಕು ಸ್ವಾಮಿ, ಹಳೆಯದನ್ನೇ ಇನ್ನೊಂದು ಸಲ ತೋರಿಸಿ

ಈಗಷ್ಟೇ ಫೋನ್ ಟಣ್ ಅಂತು. ‘ನಿಮ್ಮ ಹತ್ತಿರ 14 ಹೊಸ ಸಮಾನಮನಸ್ಕರು ಇದ್ದಾರೆ!’

ಇರಲಿ, ಸಂತೋಷ. ಹೋದ ವಾರ 11 ಜನ ಇದ್ದರು. ಅದರ ಹಿಂದಿನ ವಾರ 19. ಎಂಟು ತಿಂಗಳಿಂದ ನನ್ನ ಸುತ್ತಮುತ್ತ ಸಮಾನಮನಸ್ಕರು ಹೀಗೆ ತುಂಬಿ ತುಳುಕುತ್ತಿದ್ದಾರೆ. ನಾನು ಮಾತ್ರ ಭಾನುವಾರ ಪೂರ್ತಿ ರೂಮಿನಲ್ಲಿ ಒಬ್ಬನೇ ಕೂತು ಫ್ಯಾನ್ ತಿರುಗುವುದನ್ನು ನೋಡುತ್ತಿದ್ದೇನೆ.

ಕೆಲಸದ ಸಲುವಾಗಿ ಗುರುತು ಪರಿಚಯ ಇಲ್ಲದ ಊರಿಗೆ ಬಂದವನು ನಾನು. ಆಫೀಸಿನವರು ಒಳ್ಳೆಯವರೇ. ಆದರೆ ಸಂಜೆ ಆರಾದರೆ ಅವರವರ ಮನೆ ಅವರವರಿಗೆ. ಹಾಗಾಗಿ ಈ ಗೆಳೆಯರನ್ನು ಹುಡುಕಿಕೊಡುವ ಆಪ್ ಹಾಕಿಕೊಂಡೆ. ಹೆಸರು ಹೇಳುವುದಿಲ್ಲ. ಒಂದಲ್ಲ, ಮೂರು ಹಾಕಿ ನೋಡಿದ್ದೇನೆ. ಮೂರರದ್ದೂ ಒಂದೇ ಹಣೆಬರಹ.

ಮೊದಲು ಐದು ಆಸಕ್ತಿ ಆರಿಸಬೇಕಂತೆ. ಪ್ರಯಾಣ, ಸಂಗೀತ, ಸಿನಿಮಾ, ಪುಸ್ತಕ, ಚೆಸ್ ಅಂತ ಒತ್ತಿದೆ. ಮೊದಲ ಮೂರು ಯಾರಿಗೆ ತಾನೇ ಇಷ್ಟ ಇಲ್ಲ ಹೇಳಿ? ‘ಸಂಗೀತ ಅಂದರೆ ನನಗಾಗಲ್ಲ’ ಅನ್ನುವವರನ್ನು ನಾನಂತೂ ನೋಡಿಲ್ಲ. ಅಷ್ಟಕ್ಕೇ ಆಪ್ ಯಾರನ್ನೋ ತಂದು ನಿಲ್ಲಿಸಿ ‘ಶೇಕಡ 92 ಹೊಂದಾಣಿಕೆ’ ಅಂದಿತು. ಆ 92ರ ಜೊತೆ ನಡೆದ ಮಾತುಕತೆ ಇಷ್ಟು: ಹಾಯ್. ಹಾಯ್. ಏನು ಸಮಾಚಾರ? ಏನಿಲ್ಲ, ನಿಮ್ಮದು? ಏನಿಲ್ಲ. ಮುಗೀತು. ಇಬ್ಬರ ಹತ್ತಿರವೂ ಏನಿಲ್ಲ ಅನ್ನುವುದರಲ್ಲಿ ಮಾತ್ರ ನೂರಕ್ಕೆ ನೂರು ಹೊಂದಾಣಿಕೆ.

ಇನ್ನೊಂದು ಆಪಿನಲ್ಲಿ 24 ಗಂಟೆಯೊಳಗೆ ಮಾತಾಡಿಸದಿದ್ದರೆ ಆ ವ್ಯಕ್ತಿಯೇ ಮಾಯ. ಸ್ನೇಹ ಏನು ಹಾಲೇ, ಒಡೆದುಹೋಗುವುದಕ್ಕೆ? ಮೂರನೆಯದರಲ್ಲಿ ‘ಮೂರು ಜನ ನಿಮ್ಮನ್ನು ಇಷ್ಟಪಟ್ಟಿದ್ದಾರೆ’ ಅಂತ ಹೇಳಿ ಮುಖ ಮಸುಕು ಮಾಡಿಟ್ಟಿರುತ್ತಾರೆ. ದುಡ್ಡು ಕಟ್ಟಿದರೆ ಮಸುಕು ಹೋಗುತ್ತದೆ. ಕಟ್ಟಿದೆ. ಹೋಯಿತು. ಆ ಮೂವರಲ್ಲಿ ಇಬ್ಬರು ಆಪ್ ತೆರೆದೇ ಎರಡು ತಿಂಗಳಾಗಿತ್ತು.

ಇದೆಲ್ಲ ಬಿಡಿ, ನಕ್ಕು ಸುಮ್ಮನಾಗಬಹುದು. ನನಗೆ ನಿಜವಾಗಿ ಉರಿದಿದ್ದು ಚೆಸ್ ವಿಷಯದಲ್ಲಿ.

ಒಂದು ಶನಿವಾರ ಪಾರ್ಕಿನಲ್ಲಿ ಚೆಸ್ ಆಡುವವರ ಭೇಟಿ ಅಂತ ಬಂತು. ‘ಬರುತ್ತೇನೆ’ ಅಂತ ಒತ್ತಿದವರು 22 ಜನ. ಬಂದವರು ನನ್ನೂ ಸೇರಿ ನಾಲ್ಕು. ಕರೆದವರೇ ಬಂದಿರಲಿಲ್ಲ! ಆ ನಾಲ್ವರಲ್ಲಿ ಒಬ್ಬರಿಗೆ ಕುದುರೆ ಹೇಗೆ ನಡೆಯುತ್ತದೆ ಅನ್ನುವುದೇ ಗೊತ್ತಿಲ್ಲ, ಆದರೆ ನನ್ನ ಸಂಬಳ ಎಷ್ಟು, ಉಳಿತಾಯ ಎಷ್ಟು ಅನ್ನುವುದು ಬೇಕು. ಹತ್ತು ನಿಮಿಷದಲ್ಲಿ ಚೀಲದಿಂದ ಯಾವುದೋ ಸ್ಕೀಮಿನ ಕಾಗದ ಹೊರಗೆ ಬಂತು. ಇನ್ನೊಬ್ಬರು ಫೋಟೋ ತೆಗೆದುಕೊಂಡು ಹೊರಟೇಬಿಟ್ಟರು.

ಉಳಿದವರು ಒಬ್ಬರು. ನನಗಿಂತ ವಯಸ್ಸಿನಲ್ಲಿ ಜಾಸ್ತಿ, ಮಾತು ಕಡಿಮೆ. ಎರಡು ಆಟ ಆಡಿದೆವು, ಎರಡರಲ್ಲೂ ನನ್ನನ್ನು ಚೆನ್ನಾಗಿ ಸೋಲಿಸಿದರು. ಎರಡನೇ ಆಟದಲ್ಲಿ ನಾನು ಎಲ್ಲಿ ಎಡವಿದೆ ಅಂತ ಕಾಯಿಗಳನ್ನು ಹಿಂದಕ್ಕೆ ಇಟ್ಟು ತೋರಿಸಿಕೊಟ್ಟರು. ಕತ್ತಲಾದಮೇಲೆ ಎದ್ದೆವು. ಈ ಊರಿಗೆ ಬಂದಮೇಲೆ ಅಷ್ಟು ಹಗುರಾಗಿ ನಿದ್ದೆ ಮಾಡಿದ್ದು ಅದೇ ಮೊದಲು.

ಅವರ ನಂಬರ್ ಕೇಳಲಿಲ್ಲ. ಹೌದು, ನನ್ನದೇ ತಪ್ಪು. ಮೊದಲ ದಿನವೇ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ. ಆಪಿನಲ್ಲಿ ಇದ್ದೇ ಇರುತ್ತಾರಲ್ಲ ಅಂದುಕೊಂಡೆ. ಮುಂದಿನ ಶನಿವಾರ ನೋಡಿದರೆ ಆ ಗುಂಪೇ ಇಲ್ಲ. ನಡೆಸುತ್ತಿದ್ದವರು ತಿಂಗಳ ದುಡ್ಡು ಕಟ್ಟದೆ ಬಿಟ್ಟರಂತೆ, ಮುಚ್ಚಿಹೋಯಿತಂತೆ. ಆ ಹಿರಿಯರನ್ನು ಹುಡುಕಿದೆ. ‘ಈ ಸದಸ್ಯರು ಈಗ ಲಭ್ಯವಿಲ್ಲ.’ ಅದರ ಕೆಳಗೇ ದೊಡ್ಡ ಬಟನ್: ‘ಹೊಸಬರನ್ನು ಭೇಟಿ ಮಾಡಿ!’

ಅಯ್ಯೋ, ನನಗೆ ಹೊಸಬರು ಬೇಡ! ಅವರೇ ಬೇಕು!

ಈ ಆಪ್ ಮಾಡಿದವರಿಗೆ ಯಾವತ್ತಾದರೂ ಗೆಳೆಯರು ಇದ್ದರೋ ಇಲ್ಲವೋ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಲೆಕ್ಕ ಹಾಕಿ ಹೇಳಿದ್ದಾರೆ. ಪರಿಚಯದವರು ಸಾಮಾನ್ಯ ಗೆಳೆಯರಾಗುವುದಕ್ಕೆ ಜೊತೆಯಲ್ಲಿ ಸುಮಾರು 50 ಗಂಟೆ ಕಳೆಯಬೇಕು. ತೀರಾ ಆಪ್ತರಾಗುವುದಕ್ಕೆ 200 ಗಂಟೆಗಿಂತ ಜಾಸ್ತಿ. ನನ್ನ ಲೆಕ್ಕ ನೋಡಿ: ಎಂಟು ತಿಂಗಳಲ್ಲಿ 31 ಜನರ ಮುಖ ನೋಡಿದ್ದೇನೆ. ಎರಡನೇ ಸಲ ನೋಡಿದ್ದು ಒಬ್ಬರನ್ನು, ಅದೂ ಲಿಫ್ಟಿನಲ್ಲಿ, ಅವರು ನನ್ನನ್ನು ಗುರುತು ಹಿಡಿಯಲಿಲ್ಲ. 31 ಜನರ ಜೊತೆ ಒಂದೊಂದು ಗಂಟೆ ಕೂತರೆ ಅರ್ಧ ಗೆಳೆಯನೂ ಸಿಗುವುದಿಲ್ಲ. ಗಂಟೆಗಳನ್ನು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಾಕಲು ಆಗುತ್ತದೆಯೇ?

ಇದು ಹೊಸ ಸಂಗತಿಯೂ ಅಲ್ಲ. 1950ರಲ್ಲೇ ಫೆಸ್ಟಿಂಜರ್ ಅನ್ನುವ ಮನೋವಿಜ್ಞಾನಿ ಮತ್ತು ಜೊತೆಯವರು ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿದ್ಯಾಸಂಸ್ಥೆಯ ವಿದ್ಯಾರ್ಥಿ ವಸತಿಗಳಲ್ಲಿ ಯಾರಿಗೆ ಯಾರು ಗೆಳೆಯರಾದರು ಅಂತ ನೋಡಿ ಬರೆದಿದ್ದರು. ಜಾಸ್ತಿ ಗೆಳೆತನ ಆಗಿದ್ದು ಪಕ್ಕದ ಬಾಗಿಲಿನವರ ಜೊತೆ. ಮೆಟ್ಟಿಲ ಬಳಿ ಮನೆ ಇದ್ದವರಿಗೆ ಮೇಲಿನ ಮಹಡಿಯವರೂ ಗೆಳೆಯರಾದರು, ಹತ್ತುವಾಗ ಇಳಿಯುವಾಗ ಅದೇ ಮುಖ ಸಿಗುತ್ತಿತ್ತಲ್ಲ, ಅದಕ್ಕೆ. ಮೆಟ್ಟಿಲು ಮಾಡುವ ಕೆಲಸವನ್ನೂ ಮಾಡಲಾರದ ಆಪಿಗೆ ನಾನು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇನೆ. ಅವರಿಗೂ ಅದೇ ಬೇಕು ಅಲ್ವಾ? ನನಗೆ ಗೆಳೆಯರು ಸಿಕ್ಕಿಬಿಟ್ಟರೆ ನಾನು ಆಪ್ ತೆರೆಯುತ್ತೇನೆಯೇ?

ನಿನ್ನೆ ರಾತ್ರಿ ಸಿಟ್ಟಿನಲ್ಲಿ ಅಕೌಂಟ್ ತೆಗೆದುಹಾಕಲು ಹೋದೆ. ‘ಖಚಿತವೇ?’ ಅಂತ ಮೂರು ಸಲ ಕೇಳಿತು. ಎರಡು ಸಲ ಹೌದು ಅಂದೆ. ಮೂರನೇ ಸಲ ಬೆರಳು ನಿಂತುಬಿಟ್ಟಿತು. ಆ ಚೆಸ್ ಆಡಿದವರು ಅಕಸ್ಮಾತ್ ಮತ್ತೆ ಆಪ್ ಹಾಕಿಕೊಂಡು ನನ್ನನ್ನು ಹುಡುಕಿದರೆ? ಅಲ್ಲಿ ‘ಈ ಸದಸ್ಯರು ಲಭ್ಯವಿಲ್ಲ’ ಅಂತ ಬಂದರೆ?

ಇನ್ನೊಂದು ತಿಂಗಳಿಗೆ ಕಟ್ಟಿದ್ದೇನೆ. ಹಾಳಾಗಿ ಹೋಗಲಿ.