ಹಳಬರದ್ದು ಬರೀ ಹಠ ಅಲ್ಲ

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಹೊಸ ಆವೃತ್ತಿ ಅಂದ ತಕ್ಷಣ ಹಳೇ ಆಟಗಾರರು ಮೂಗು ಮುರಿಯುವುದು ಬರೀ ಹಠ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪೋಕಾಗಲ್ಲ. 2000ದಲ್ಲಿ ಮೂರನೇ ಆವೃತ್ತಿ ಬಂತು, ಮೂರೇ ವರ್ಷಕ್ಕೆ ಅದನ್ನೇ ತಿದ್ದಿದ 3.5 ಆವೃತ್ತಿ ಅಂತ ಮತ್ತೆ ಪುಸ್ತಕ ಕೊಳ್ಳಬೇಕಾಯಿತು. 2008ರಲ್ಲಿ ನಾಲ್ಕನೆಯದು ಬಂದಾಗ ಎಷ್ಟೋ ಜನ ಪಾತ್‌ಫೈಂಡರ್ ಅನ್ನೋ ಬೇರೆ ಆಟದ ಕಡೆ ಹೋದರು, ಅದು 3.5ರ ನಿಯಮಗಳ ಮೇಲೇ ಕಟ್ಟಿದ ಆಟ ಅಲ್ವಾ! ಇಷ್ಟೆಲ್ಲ ನೋಡಿದವರು ಸ್ವಲ್ಪ ಹುಷಾರಾಗಿದ್ದರೆ ತಪ್ಪೇನು?

ಹಾಗಂತ ಹಳಬರಿಗೆ ಆಸೆ ಇಲ್ಲ ಅಂತಲ್ಲ. 2024ರ ಹೊಸ ಆಟಗಾರರ ಪುಸ್ತಕದಲ್ಲಿ ನಾನು ಮೊದಲು ತೆಗೆದು ನೋಡಿದ್ದೇ ಗಾಯ ವಾಸಿ ಮಾಡುವ ಕ್ಯೂರ್ ವೂಂಡ್ಸ್ ಮಂತ್ರ. ಎಷ್ಟು ವಾಸಿಯಾಗುತ್ತೆ ಅಂತ ನೋಡೋಕೆ ಮುಂಚೆ ಉರುಳಿಸಲು ಎಂಟು ಮುಖದ ದಾಳ ಒಂದೇ ಇತ್ತು, ಈಗ ಎರಡು. ಗೆಳೆಯ ನೆಲಕ್ಕೆ ಬಿದ್ದಿರುತ್ತಾನೆ, ನಮ್ಮ ಸರದಿ ಪೂರ್ತಿ ಖರ್ಚು ಮಾಡಿ ದಾಳ ಉರುಳಿಸಿದರೆ 1 ಬಿದ್ದು ಮೇಜಿನ ಸುತ್ತ ಇದ್ದವರೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದರಲ್ಲ, ಆ ಗೋಳು ಕಮ್ಮಿಯಾಯಿತು. ಇಂಥದ್ದಕ್ಕೆ ಕಾಯಬಹುದು.

ಕೋಪ ಬರುವುದು ಬೇರೆ ವಿಷಯಕ್ಕೆ. ಆಟಗಾರರ ಪುಸ್ತಕ ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ, ರಾಕ್ಷಸರ ವಿವರ ಇರುವ ಮಾನ್‌ಸ್ಟರ್ ಮ್ಯಾನುಯಲ್ 2025ರ ಫೆಬ್ರವರಿಯಲ್ಲಿ! ಅಲ್ಲಿಯವರೆಗೆ ಆಟ ನಡೆಸುವವರು ಬಲ ಜಾಸ್ತಿಯಾದ ಹೊಸ ವೀರರ ಮುಂದೆ 2014ರ ಪುಸ್ತಕದ ಹಳೇ ರಾಕ್ಷಸರನ್ನೇ ತಂದು ನಿಲ್ಲಿಸಬೇಕಾಯಿತು. ಅದರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲವಲ್ಲ?