ಮಾರ್ಕ್ಸ್ ಹೋದ ಒಂಬತ್ತನೇ ದಿನ

ಕಾಸರಗೋಡಿನ ಬದಿಯಡ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆವು. ನಮ್ಮ ಮಾಷ್ಟ್ರು ಗೋಳಿಬಜೆಯ ಎಣ್ಣೆ ಒರೆಸಿದ ಪೇಪರಿನ ತುಂಡಿನ ಮೇಲೆ ಎರಡು ತಾರೀಕು ಬರೆದು ನನ್ನ ಮುಂದೆ ದೂಡಿದರು.

"ಕಾರ್ಲ್ ಮಾರ್ಕ್ಸ್ ತೀರಿಹೋದದ್ದು ಯಾವಾಗ? 1883 ಮಾರ್ಚ್ 14, ಲಂಡನ್ನಿನಲ್ಲಿ. ಗೋವಿಂದ ಪೈಗಳು ಹುಟ್ಟಿದ್ದು? 1883 ಮಾರ್ಚ್ 23, ಮಂಜೇಶ್ವರದಲ್ಲಿ. ಎಷ್ಟು ದಿನ ಆಯ್ತು?"

"ಒಂಬತ್ತು" ಅಂದೆ.

"ಈಗ ಮಂಜೇಶ್ವರ ಇರುವುದು ಯಾವ ರಾಜ್ಯದಲ್ಲಿ? ಕೇರಳದಲ್ಲಿ. ಲಿಂಕ್ ಸಿಕ್ಕಿತಾ?"

ಬಾಣಲೆ ಮುಂದೆ ನಿಂತಿದ್ದ ಹೋಟೆಲಿನವರಿಗೆ ಸಿಗಲಿಲ್ಲ. "ಲಂಡನ್ನಿನಿಂದ ಇಲ್ಲಿಗೆ ಬರ್ಲಿಕ್ಕೆ ಆಗ ಹಡಗಿಗೇ ಹೆಚ್ಚುಕಮ್ಮಿ ಮೂರು ವಾರ ಬೇಕಿತ್ತಲ್ಲ ಮಾಷ್ಟ್ರೇ?" ಅಂತ ಕೇಳಿದರು.

"ಆತ್ಮಕ್ಕೆ ಸೂಯೆಜ್ ಕಾಲುವೆಯಲ್ಲಿ ಸುಂಕ ಇಲ್ಲ ಮಾರಾಯ್ರೆ. ಸೀದಾ ಬಂದದ್ದು."

ಈ ಕಾಯಿಲೆ ಮಾಷ್ಟ್ರಿಗೆ ಪಿಂಚಣಿ ಶುರುವಾದ ಮೇಲೆ ಹಿಡಿದದ್ದು. ಅವರಿಗೊಬ್ಬರಿಗೇ ಅಲ್ಲ, ಊರಿಗೇ ಹಿಡಿದಿದೆ. ಬೆಳಿಗ್ಗೆ ಎದ್ದು ಫೋನು ತೆರೆದರೆ 'ನಿಮಗೆ ಗೊತ್ತೇ?' ಅಂತ ಒಂದು ಹಳದಿ ಚೌಕ. ನಮ್ಮ ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಮೊದಲು ಹಗ್ಗಜಗ್ಗಾಟ ಇತ್ತು. ಈಗ ಕ್ವಿಜ್ ಮಾತ್ರ. ಯಾರಿಗೂ ಸೊಂಟ ನೋಯುವುದಿಲ್ಲ.

ಒಪ್ಪಿಕೊಳ್ಳುತ್ತೇನೆ, ಕೆಲವು ಲಿಂಕುಗಳಿಗೆ ನಾನೂ ಸೋತಿದ್ದೇನೆ. ಕ್ಲಿಯೋಪಾತ್ರ ಹುಟ್ಟುವಾಗ ಗೀಜಾದ ದೊಡ್ಡ ಪಿರಮಿಡ್ಡಿಗೆ ಹತ್ತಿರ ಹತ್ತಿರ 2500 ವರ್ಷ ವಯಸ್ಸಾಗಿತ್ತು. ಅವಳು ಸತ್ತು ಸುಮಾರು 2000 ವರ್ಷಕ್ಕೆ ಮನುಷ್ಯ ಚಂದ್ರನ ಮೇಲೆ ಇಳಿದ. ಅಂದರೆ ಅವಳಿಗೆ ಪಿರಮಿಡ್ಡಿಗಿಂತ ಚಂದ್ರನೇ ಹತ್ತಿರ. ವಿಡಿಯೋ ಗೇಮಿನ ನಿಂಟೆಂಡೋ ಕಂಪನಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆ ಮಾಡಲು ಶುರುಮಾಡಿದ್ದು 1889ರಲ್ಲಿ. ಅದೇ ವರ್ಷ ಐಫೆಲ್ ಗೋಪುರ ಎದ್ದಿತು, ಅದೇ ವರ್ಷದ ಏಪ್ರಿಲಿನಲ್ಲಿ ನಾಲ್ಕು ದಿನದ ಅಂತರದಲ್ಲಿ ಚಾಪ್ಲಿನ್ ಮತ್ತು ಹಿಟ್ಲರ್ ಹುಟ್ಟಿದರು. 'ಸ್ಟಾರ್ ವಾರ್ಸ್' ಸಿನಿಮಾ ಬಂದ 1977ರಲ್ಲೇ ಫ್ರಾನ್ಸಿನಲ್ಲಿ ಗಿಲೊಟಿನ್ನಿಗೆ ಕೊನೆಯ ತಲೆ ಹೋಯಿತು. ಇಂಥದ್ದನ್ನು ಓದಿದಾಗ ತಲೆಯೊಳಗಿನ ಕ್ಯಾಲೆಂಡರು ಸ್ವಲ್ಪ ಅಲುಗುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ನಮ್ಮವರಿಗೆ ಎಲ್ಲಿಯ ಹಗ್ಗ ಸಿಕ್ಕಿದರೂ ಅದರ ಇನ್ನೊಂದು ತುದಿಯನ್ನು ನಮ್ಮ ಹಟ್ಟಿಯ ಗೂಟಕ್ಕೇ ಕಟ್ಟಬೇಕು.

ಮಾಷ್ಟ್ರ ಅತಿ ದೊಡ್ಡ ಲಿಂಕು ಕ್ರಿಕೆಟಿನದ್ದು. 1956 ಜುಲೈ 31ರಂದು ಮ್ಯಾಂಚೆಸ್ಟರಿನಲ್ಲಿ ಜಿಮ್ ಲೇಕರ್ ಒಂದೇ ಇನ್ನಿಂಗ್ಸಿನಲ್ಲಿ ಹತ್ತೂ ವಿಕೆಟ್ ತೆಗೆದ. ಟೆಸ್ಟಿನಲ್ಲಿ ಅದೇ ಮೊದಲು. ಸರಿಯಾಗಿ ಮೂರು ತಿಂಗಳು ಕಳೆದು, ನವೆಂಬರ್ 1ಕ್ಕೆ, ಕಾಸರಗೋಡು ಕೇರಳಕ್ಕೆ ಹೋಯಿತು. "ಅವತ್ತು ನಮ್ಮ ವಿಕೆಟೂ ಬಿತ್ತು" ಅನ್ನುತ್ತಾರೆ ಮಾಷ್ಟ್ರು. ಆಮೇಲೆ 1999 ಫೆಬ್ರವರಿ 7, ದೆಹಲಿ. ನಮ್ಮ ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತು ವಿಕೆಟ್. ಸೇಡು ತೀರಿತು.

"ಅವರು ಔಟ್ ಮಾಡಿದ್ದು ಪಾಕಿಸ್ತಾನದವರನ್ನು ಮಾಷ್ಟ್ರೇ. ರಾಜ್ಯ ವಿಂಗಡಣೆಗೂ ಅವರಿಗೂ ಎಂತ ಸಂಬಂಧ?"

"ಸಂಬಂಧ ನೀವು ನೋಡ್ಬೇಡಿ. ಲಿಂಕ್ ನೋಡಿ."

2021ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ಏಜಾಜ್ ಪಟೇಲ್ ಮುಂಬೈಯಲ್ಲಿ ಹತ್ತು ವಿಕೆಟ್ ಕಿತ್ತಾಗ ಮಾಷ್ಟ್ರು ಎರಡು ದಿನ ಹೋಟೆಲಿಗೆ ಬರಲಿಲ್ಲ. ಮೂರನೆಯ ದಿನ ಬಂದವರ ಮುಖದಲ್ಲಿ ಬೆಳಕು. "ಪಟೇಲ್ ಹುಟ್ಟಿದ್ದು ಮುಂಬೈ, ಆಡಿದ್ದು ನ್ಯೂಜಿಲೆಂಡಿಗೆ. ಲೇಕರ್ ಹುಟ್ಟಿದ್ದು ಯಾರ್ಕ್‌ಶೈರ್, ಆಡಿದ್ದು ಸರ್ರೆಗೆ. ಕುಂಬ್ಳೆಯ ಹೆಸರು ಇಲ್ಲಿಯದ್ದು, ಹುಟ್ಟಿ ಆಡಿದ್ದು ಬೆಂಗಳೂರಿನಲ್ಲಿ. ಮೂವರೂ ಗಡಿ ದಾಟಿದವರೇ! ಹತ್ತು ವಿಕೆಟ್ ಬೇಕಾದ್ರೆ ಒಂದು ಊರು ಕಳ್ಕೊಂಡಿರ್ಬೇಕು."

ಇದಕ್ಕೆ ನಾನು ಸುಮ್ಮನಾದೆ. ಹಾಗೆ ನೋಡಿದರೆ ಕಾಸರಗೋಡಿನ ಪ್ರತಿ ಮನೆಯಲ್ಲೂ ಒಬ್ಬ ಲೆಗ್ ಸ್ಪಿನ್ನರ್ ಇರಬೇಕಿತ್ತು.

ಬೇಕಲ ಕೋಟೆಯದ್ದು ಬೇರೆ ಕಥೆ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ಅಲ್ಲಿಗೆ ಬರುವವರು ಹುಡುಕುವುದು ಮಾತ್ರ 1995ರ 'ಬಾಂಬೆ' ಸಿನಿಮಾದ ಹಾಡಿಗೆ ಮನೀಷಾ ಕೊಯಿರಾಲ ಓಡಿ ಬಂದ ಜಾಗವನ್ನು. ಪಾಪ ನಾಯಕ, ಇಷ್ಟು ದೊಡ್ಡ ಸೆಟ್ ಹಾಕಿಸಿ ಹೆಸರು ಹಾಕಿಸಿಕೊಳ್ಳಲಿಲ್ಲ.

ಗ್ರೀಕ್ ಪ್ರಹಸನದ ವಿಷಯ ಹೇಳದಿದ್ದರೆ ಮಾಷ್ಟ್ರಿಗೆ ಬೇಜಾರಾದೀತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿನ ಕಸದ ದಿಬ್ಬ ಅಗೆದಾಗ ಪಪೈರಸ್ ಹಾಳೆಯಲ್ಲಿ ಬರೆದ ಒಂದು ನಾಟಕ ಸಿಕ್ಕಿತು. ಸುಮಾರು 2ನೇ ಶತಮಾನದ ಪ್ರತಿ, ಅಚ್ಚಾದದ್ದು 1903ರಲ್ಲಿ. ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ರಾಜನ ಕೈಯಲ್ಲಿ ಸಿಕ್ಕಿಬಿದ್ದಿದ್ದಾಳೆ. ರಾಜನಿಗೂ ಅವನ ಜನರಿಗೂ ಚೆನ್ನಾಗಿ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ವಿದೂಷಕನ ಆಯುಧ ಹೂಸು. ನಾನು ಹೇಳಿದ್ದಲ್ಲ, ನಾಟಕದಲ್ಲೇ ಹಾಗಿದೆ. ರಾಜ ಆಡುವ ಅರ್ಥವಾಗದ ಮಾತು ಕನ್ನಡ ಅಂತ 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸ ಬರೆದರು. ಶಾಮಾಶಾಸ್ತ್ರಿಗಳೂ ಹೌದೆಂದರು, ಗೋವಿಂದ ಪೈಗಳೂ ಅದರ ಹಿಂದೆ ಬಿದ್ದರು. ಎಲ್ಲರೂ ಒಪ್ಪಿದ್ದಾರೆ ಅಂತೇನಿಲ್ಲ. ಮಾಷ್ಟ್ರು ಒಪ್ಪಿದ್ದಾರೆ.

ಒಪ್ಪಿದ್ದಷ್ಟೇ ಅಲ್ಲ, ಅದು ತೆಂಕುತಿಟ್ಟು ಯಕ್ಷಗಾನದ ಮೊದಲ ಪ್ರಸಂಗ ಅಂತಲೂ ತೀರ್ಮಾನಿಸಿದ್ದಾರೆ. "ರಾಜ ಉಂಟು, ಹಾಸ್ಯಗಾರ ಉಂಟು, ಮಧ್ಯೆ ಮಧ್ಯೆ ಪೆಟ್ಟು ಹಾಕ್ಬೇಕು ಅಂತ ವಾದ್ಯದ ಗುರ್ತು ಸಹ ಉಂಟು. ಚೆಂಡೆ ಅಲ್ದೆ ಮತ್ತೆಂತ ಅದು? ಯಕ್ಷಗಾನ ಪ್ರಸಂಗ ಬರೆದ ಕುಂಬಳೆಯ ಪಾರ್ತಿಸುಬ್ಬನಿಗಿಂತ ಮೊದಲೇ ನಮ್ಮ ಮೇಳ ಈಜಿಪ್ಟಿಗೆ ಹೋಗಿತ್ತು ಮಾರಾಯ್ರೆ!" ಕುಡಿದ ರಾಜ ನಮ್ಮವನು ಅಂತ ಇಷ್ಟು ಖುಷಿಪಟ್ಟ ಜನ ಬೇರೆ ಎಲ್ಲೂ ಇರಲಿಕ್ಕಿಲ್ಲ.

ಕಳೆದ ತಿಂಗಳು ಮಾಷ್ಟ್ರಿಗೆ ಒಂದು ಕಚೇರಿಯಲ್ಲಿ ಅರ್ಜಿ ಕೊಡಬೇಕಿತ್ತು. ಜೊತೆಗೆ ನಾನೂ ಹೋದೆ. ಕೌಂಟರಿನಲ್ಲಿ ಕೊಟ್ಟ ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಕನ್ನಡದ್ದು ಕೊಡಿ ಅಂದೆವು. ತೆಂಕು ಜಿಲ್ಲೆಯಿಂದ ಹೊಸದಾಗಿ ಬಂದ ಹುಡುಗ, ಕಣ್ಣಲ್ಲೇ ಕ್ಷಮೆ ಕೇಳಿ, "ಕನ್ನಡ ಅರಿಯಿಲ್ಲ" ಅಂದ.

ನಾನು ಜಗಳಕ್ಕೆ ಅಂಗಿಯ ತೋಳು ಮಡಚುತ್ತಿದ್ದೆ. ಮಾಷ್ಟ್ರು ನನ್ನ ಕೈ ಹಿಡಿದರು. "ಕೇಳಿದ್ರಾ? ಅರಿಯಿಲ್ಲ! ಅರಿ ಅಂದ್ರೆ ತಿಳಿ. ಅರಿಯೆ, ಅರಿಯದು, ಅರಿವು. ನಮ್ಮದೇ ಧಾತು. ಕನ್ನಡ ಗೊತ್ತಿಲ್ಲ ಅಂತ ಹೇಳ್ಲಿಕ್ಕೂ ಕನ್ನಡವೇ ಬೇಕಾಯ್ತು ನೋಡಿ!" ಹುಡುಗನಿಗೆ ಕೈಮುಗಿದದ್ದೊಂದು ಬಾಕಿ.

ಕೇರಳದ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ನಾವು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ನಾನು ನೆನಪಿಸಿದೆ.

"ಯಾವ ವರ್ಷದ ಕಾಯ್ದೆ?"

"1969."

"ಚಂದ್ರನ ಮೇಲೆ ಇಳಿದ ವರ್ಷ!" ಮಾಷ್ಟ್ರು ಕೌಂಟರಿನ ಹಲಗೆ ಕುಟ್ಟಿದರು. ಕಾಯ್ದೆಯ ವಿಷಯ ಅಲ್ಲಿಗೇ ಮುಗಿಯಿತು. ಕ್ಲಿಯೋಪಾತ್ರಳಿಗೆ ಪಿರಮಿಡ್ಡಿಗಿಂತ ಚಂದ್ರ ಹತ್ತಿರ, ನಮಗೆ ಕೌಂಟರಿಗಿಂತ ಚಂದ್ರ ಹತ್ತಿರ. ಹತ್ತೊಂಬತ್ತು ನೂರು ವರ್ಷದ ಹಿಂದೆ ಈಜಿಪ್ಟಿನ ಕಸದಲ್ಲಿ ಕನ್ನಡದ ಹಾಳೆ ಬಿದ್ದಿತ್ತು ಅನ್ನುವವರಿಗೆ, ಇಲ್ಲಿ ಒಂದು ಹಾಳೆ ಕನ್ನಡ ಸಿಗಲಿಲ್ಲ.

ಕೊನೆಗೆ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಕಾಲೇಜು ಹುಡುಗಿ ಫಾರಂ ತೆಗೆದುಕೊಂಡಳು. ಅವಳಿಗೆ ಎರಡು ಭಾಷೆಯೂ ಬರುತ್ತಿತ್ತು. ಕಿಟಕಿಯ ದಂಡೆಯ ಮೇಲಿಟ್ಟು, ಒಂದೊಂದೇ ಕಾಲಂ ಕನ್ನಡದಲ್ಲಿ ಕೇಳಿ ಮಲಯಾಳದಲ್ಲಿ ಬರೆದಳು.

"ಹುಟ್ಟಿದ ವರ್ಷ ಅಜ್ಜ?"

"1953."

"ಹುಟ್ಟಿದ ಜಾಗ?"

ಮಾಷ್ಟ್ರು ಈ ಪ್ರಶ್ನೆಗೇ ಕಾಯುತ್ತಿದ್ದವರಂತೆ ನೆಟ್ಟಗಾದರು. "ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ರಾಜ್ಯ ಅಂತ ಬರಿ ಮಗಳೇ. ನಾನು ಶಾಲೆಗೆ ಹೋದದ್ದು ಕಣ್ಣೂರು ಜಿಲ್ಲೆಯಲ್ಲಿ. ಪೆನ್ಶನ್ ತಗೊಳ್ಳುವುದು ಕಾಸರಗೋಡು ಜಿಲ್ಲೆಯಲ್ಲಿ, ಅದು ಆದದ್ದು 1984ರಲ್ಲಿ. ಮನೆ ಮಾತ್ರ ಅದೇ. ಅಪ್ಪ ಕಟ್ಟಿಸಿದ್ದು."

ಅವಳು ನಕ್ಕು, ಹೇಳಿದ ಹಾಗೇ ಬರೆದು ಕೊಟ್ಟಳು. ಕೌಂಟರಿನ ಹುಡುಗ ಎರಡು ಸಲ ಓದಿದ. ಅವಳನ್ನು ಕರೆದು ಏನೋ ಕೇಳಿದ.

"ಅಜ್ಜ, ಮದ್ರಾಸಿನಿಂದ ಕೇರಳಕ್ಕೆ ಯಾವಾಗ ಬಂದದ್ದು ಅಂತ ಕೇಳ್ತಿದ್ದಾರೆ. ತಾರೀಕು ಬೇಕಂತೆ."

ಮಾಷ್ಟ್ರು ಒಂದು ಕ್ಷಣವೂ ಯೋಚಿಸಲಿಲ್ಲ.

"1956 ನವೆಂಬರ್ 1" ಅಂದರು. "ಬೆಳಿಗ್ಗೆ ಏಳುವಾಗಲೇ ಬಂದಾಗಿತ್ತು ಅಂತ ಹೇಳು."